ಎಂಬತ್ತು ಎಂದು ಬರೆದ ಮಳೆಗಾಲ

ಹೋದ ತಿಂಗಳು ಪಾವಗಡದಿಂದ ಮಧುಗಿರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಕಾಲೇಜು ಹುಡುಗಿ ಫೋನಿನಲ್ಲಿ ಹಾಡು ಹಾಕಿದ್ದಳು. ಎರಡನೇ ಚರಣದ ನಡುವೆ ಹಾಡುವವನ ದನಿ ನಿಂತು, ತಾಳ ಮಾತ್ರ ನಾಲ್ಕು ಏಟು ಮುಂದುವರಿಯಿತು. ಅವಳ ಪಕ್ಕದ ಅಜ್ಜಿ, "ಯಾಕಮ್ಮಣ್ಣಿ, ಕಟ್ಟಾಗೋಯ್ತಾ?" ಎಂದಳು.

"ಇಲ್ಲ ಕಣಜ್ಜಿ, ಅದು ಇರೋದೇ ಅಂಗೆ."

ಅಷ್ಟರಲ್ಲಿ ದನಿ ಮತ್ತೆ ಬಂತು. ಆ ಹಾಡು ಮೊದಲಿನಿಂದ ಹಾಗಿರಲಿಲ್ಲ. ಆ ಖಾಲಿ ಜಾಗದಲ್ಲಿ ಒಂದು ಸಂಖ್ಯೆ ಇತ್ತು. ಅದನ್ನು ಎಣಿಸಿ ಕೊಟ್ಟವಳು ನಾನು.

ಮನೆಗೆ ಬಂದು ಕಳೆದ ವರ್ಷದ ಡೈರಿ ತೆಗೆದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆ ಹಾಡು ಕಟ್ಟಿದ ಈರಣ್ಣನ ಹೆಸರು ಅರವತ್ತೆರಡು ಕಡೆ ಬರುತ್ತದೆ. ಅವನ ಅಪ್ಪ ಚಿತ್ತಯ್ಯನವರ ಹೆಸರು ಇಪ್ಪತ್ತೊಂದು ಕಡೆ. 'ಭಯ' ಎಂಬ ಪದ ನಲವತ್ತನಾಲ್ಕು ಕಡೆ, ಅದರಲ್ಲಿ ನಲವತ್ತು ಸೆಪ್ಟೆಂಬರ್ ಏಳರ ನಂತರ.

ಆ ಜೂನ್‌ನಲ್ಲಿ ಮಿಡಿಗೇಶಿ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ನನಗೆ ಆರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಬರುತ್ತದೆ. ಅದಕ್ಕೆ ಮೊದಲೇ ಲಸಿಕೆ ಹಾಕಬೇಕು. ಮನೆಮನೆಗೆ ಹೋಗಿ ಯಾರ ಹತ್ತಿರ ಎಷ್ಟು ಕುರಿಗಳಿವೆ ಎಂದು ಪಟ್ಟಿ ಮಾಡುವುದು, ಲಸಿಕೆ ಹಾಕಿದ ಮೇಲೆ ಕಿವಿಗೆ ನಂಬರಿರುವ ಹಳದಿ ಓಲೆ ಚುಚ್ಚಿ ರಿಜಿಸ್ಟರಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ಮಧುಗಿರಿ ಪೇಟೆಯ ಅಂಗಡಿ ಮನೆಯಲ್ಲಿ ಹುಟ್ಟಿದವಳು ನಾನು. ಎಣಿಸುವುದು, ಬರೆದಿಡುವುದು ನಮ್ಮಲ್ಲಿ ಮಾತು ಕಲಿತಷ್ಟೇ ಸಹಜವಾಗಿ ಬರುತ್ತದೆ. ಕಥೆ ಬರೆಯುವ ಆಸೆಯೂ ಇತ್ತು. ಅದರ ಲೆಕ್ಕವೂ ಡೈರಿಯಲ್ಲಿದೆ: ಶುರು ಮಾಡಿದ ಕಥೆ ಹತ್ತೊಂಬತ್ತು, ಮುಗಿಸಿದ್ದು ಸೊನ್ನೆ.

ಈರಣ್ಣನನ್ನು ನಾನು ಹಿಂಬಾಲಿಸತೊಡಗಿದ್ದು ಈ ಸೊನ್ನೆಯ ದೆಸೆಯಿಂದ. 'ಕರಿಕಂಬ್ಳಿ' ಎಂಬ ಹೆಸರಿನಲ್ಲಿ ಅವನು ಇಂಟರ್‌ನೆಟ್ಟಿಗೆ ರ‍್ಯಾಪ್ ಹಾಡುಗಳನ್ನು ಹಾಕುತ್ತಿದ್ದ. ಹಿಂದೆ ಯಾವ ಕಂಪನಿಯೂ ಇಲ್ಲ, ದೊಡ್ಡವರ ಶಿಫಾರಸೂ ಇಲ್ಲ. ತಾನೇ ಬರೆದು, ತಾನೇ ಹಾಡಿ, ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಹಾಡು ಹಾಕುವನು. ಹನ್ನೊಂದು ತಿಂಗಳಿಂದ ಒಂದು ಭಾನುವಾರವೂ ತಪ್ಪಿರಲಿಲ್ಲ. ಹಾಡಿಗಿಂತ ಹೆಚ್ಚಾಗಿ ಆ ತಪ್ಪದಿರುವುದು ನನ್ನನ್ನು ಕಾಡುತ್ತಿತ್ತು. ಇವನು ಹೇಗೆ ಮುಗಿಸುತ್ತಾನೆ? ತನ್ನ ಮುಖವನ್ನು ಅವನು ಯಾವ ಹಾಡಿನಲ್ಲೂ ತೋರಿಸಿರಲಿಲ್ಲ. ನಮ್ಮ ಸೀಮೆಯ ಮಾತು ಎಂದಷ್ಟೇ ಗೊತ್ತಾಗುತ್ತಿತ್ತು.

ಜೂನ್ 3, ಮಂಗಳವಾರ. ಬೆಟ್ಟದ ಹಿಂದಿನ ಹಟ್ಟಿಗೆ ಪಟ್ಟಿ ಬರೆಯಲು ಹೋದೆ. ಕುರಿ ಸಾಕುವವರ ನಲವತ್ತು ಮನೆ, ಮನೆಗೊಂದು ಮುಳ್ಳುಬೇಲಿಯ ರೊಪ್ಪ, ರಾತ್ರಿ ಕುರಿಗಳನ್ನು ಕೂಡುವುದು ಅದರಲ್ಲಿ. ಚಿತ್ತಯ್ಯನವರು ರೊಪ್ಪದ ಬಾಗಿಲಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದರು.

"ಎಷ್ಟು ಕುರಿ ಇವೆ ಯಜಮಾನ್ರೆ?"

"ಅವೆ ಕಣಮ್ಮ, ಒಂದಷ್ಟು."

"ಒಂದಷ್ಟು ಅಂತ ಬರೆಯೋಕೆ ಬರಲ್ಲ."

"ಅಂಗಾದ್ರೆ ಎಂಬತ್ತು ಅಂತ ಬರ್ಕ."

ಒಳಗಿನಿಂದ ಅವರ ಹೆಂಡತಿ ಕೆಂಚಮ್ಮ ಮಜ್ಜಿಗೆ ತಂದು ನನ್ನ ಕೈಗಿಟ್ಟರು. "ತಗಾ. ಒಂದು ಲೋಟ. ಬರ್ಕಂಡ್ಯಾ?" ಎಂದು ನಕ್ಕರು.

ಮಂದೆಯ ಲೆಕ್ಕ ಬಾಯಿಗೆ ಬಂದರೆ ಮಂದೆ ಒಡೆಯುತ್ತದೆ ಎಂಬುದು ಆ ಹಟ್ಟಿಯ ನಂಬಿಕೆ. ಅಲ್ಲಿ ಯಾರೂ ಕುರಿ ಎಣಿಸುವುದಿಲ್ಲ, ಎಣಿಸುವವರನ್ನು ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ. ಕೇಳಿದವರಿಗೆ ಬಾಯಿಗೆ ಬಂದ ಒಂದು ಸಂಖ್ಯೆ ಕೊಟ್ಟು ಕಳಿಸುತ್ತಾರೆ. ಕುರಿಯ ಮಾಲೀಕರು ಹೇಳಿದ್ದನ್ನೇ ಬರೆಯಬೇಕು ಎಂದು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದರು. ಎಂಬತ್ತು ಎಂದು ಬರೆದೆ.

ಅಷ್ಟರಲ್ಲಿ ಒಬ್ಬ ಹುಡುಗ ಹೋತವೊಂದನ್ನು ಬೈದುಕೊಂಡು ಬಂದ. ಆ ದನಿಯನ್ನು ಹನ್ನೊಂದು ಹಾಡುಗಳಲ್ಲಿ ಕೇಳಿದ್ದೆ.

"ನೀವು ಕರಿಕಂಬ್ಳಿ ಅಲ್ವಾ?"

ಅವನು ಗಾಬರಿಯಿಂದ ಅಪ್ಪನ ಕಡೆ ನೋಡಿ ನನ್ನನ್ನು ಬೇಲಿಯ ಆಚೆಗೆ ಕರೆದ. "ಮೆತ್ತುಗೆ ಅಕ್ಕ. ನಾನು ಹಾಡ್ತೀನಿ ಅಂತ ಅಪ್ಪುಂಗೆ ಗೊತ್ತು. ಅದಕ್ಕೊಂದು ಹೆಸ್ರು ಮಡಿಕ್ಕಂಡಿವ್ನಿ ಅಂತ ಗೊತ್ತಿಲ್ಲ. ಕಂಬ್ಳಿ ಮಾನ ಕಳೀತಾವ್ನೆ ಅಂದ್ಬುಡ್ತದೆ."

ಅವನಿಗೆ ಇಪ್ಪತ್ತೊಂದು, ನನಗೆ ಇಪ್ಪತ್ತನಾಲ್ಕು. ಅಂದಿನಿಂದ ನಾನು ಅವನಿಗೆ ಗಿರ್ಜಕ್ಕ ಆದೆ.

ಜುಲೈ 10ರಂದು ಹಟ್ಟಿಗೆ ಲಸಿಕೆ. ನಮ್ಮ ಡಾಕ್ಟರ್ ಮೇಡಂ ಪಟ್ಟಿ ನೋಡಿ ಚಿತ್ತಯ್ಯನವರ ಮಂದೆಗೆ ನೂರು ಕುರಿಗಾಗುವ ಒಂದೇ ಬಾಟಲಿ ತಂದಿದ್ದರು. ಎಂಬತ್ತು ಎಂದು ಹೇಳಿದ ಮೇಲೆ ಎಂಬತ್ತನ್ನೇ ತೋರಿಸಬೇಕಲ್ಲ, ಮಿಕ್ಕವನ್ನು ಚಿತ್ತಯ್ಯನವರು ಬೆಳಿಗ್ಗೆಯೇ ತಮ್ಮನ ಜೊತೆ ಬೆಟ್ಟ ಹತ್ತಿಸಿದ್ದರು. ಅದು ನನಗೆ ಆಗ ತಿಳಿಯದು. ಅವತ್ತು ಎಂಬತ್ತಮೂರು ಓಲೆಗಳು ಖರ್ಚಾದವು. ಎಣಿಸದೆ, ಬರೀ ಕಣ್ಣಂದಾಜಿನಲ್ಲಿ ಮಂದೆಯನ್ನು ಎರಡು ಮಾಡಿದ ಮನುಷ್ಯ ಮೂರೇ ಮೂರು ತಪ್ಪಿದ್ದರು.

ಆ ಜುಲೈ ಮತ್ತು ಆಗಸ್ಟ್‌ನ ಭಾನುವಾರಗಳಲ್ಲಿ ನಾನು ಈರನ ಹಿಂದೆ ಓಡಾಡಿದೆ. ಡೈರಿಯ ಕೊನೆಯ ಪುಟಗಳಿಗೆ 'ಪಾಠ' ಎಂದು ಹೆಸರಿಟ್ಟಿದ್ದೆ. ಮೊದಲನೆಯದು ಶಿರಾದಲ್ಲಿ ಸಿಕ್ಕಿತು. ಅಲ್ಲಿ ಇಮ್ರಾನ್ ಎಂಬವನ ಮೊಬೈಲ್ ರಿಪೇರಿ ಅಂಗಡಿ, ಹಿಂದೆ ಆರಡಿಗೆ ಎಂಟಡಿ ಕೋಣೆ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಹಟ್ಟಿಯ ಕಂಬಳಿಗಳನ್ನು ಮೊಳೆ ಹೊಡೆದು ನೇತು ಹಾಕಿದ್ದ. ಒಳಗೆ ನಿಂತರೆ ಸೆಖೆ, ಉಣ್ಣೆಯ ಘಾಟು. ಈರ ಒಂದು ಚರಣ ಹಾಡಿದ ಕೂಡಲೇ ಇಮ್ರಾನ್ ಕೈ ಎತ್ತಿದ.

"ಅರೆ ಭಾಯ್, ಸಾಂಸ್ ಎಲ್ಲಿ ತಗೋತೀಯ? ಇಷ್ಟೊಂದ್ ಮಾತು ತುರುಕಿದ್ರೆ ಹಾಡೋನೂ ಸಾಯ್ತಾನೆ, ಕೇಳೋನೂ ಸಾಯ್ತಾನೆ."

"ಒಳ್ಳೇ ಮಾತು ಕಣೋ ಅವೆಲ್ಲ."

"ಒಳ್ಳೇ ಮಾತು ಬಹುತ್ ಐತೆ. ಉಸಿರು ಒಂದೇ ಐತೆ."

ಈರ ಗೊಣಗುತ್ತಾ ಹಾಳೆ ತೆಗೆದು, ಮೊದಲು ಉಸಿರು ಎಳೆಯುವ ಜಾಗಗಳಿಗೆ ಗೀಟು ಹಾಕಿದ. ಅವುಗಳ ನಡುವೆ ಹಿಡಿಯುವಷ್ಟು ಮಾತು ಮಾತ್ರ ಉಳಿಸಿದ. ಇಪ್ಪತ್ತು ಸಾಲು ಹನ್ನೊಂದಾಯಿತು. ಹೊಡೆದು ಹಾಕಿದ ಸಾಲುಗಳಲ್ಲಿ ಎರಡು ನನಗೆ ಬಹಳ ಹಿಡಿಸಿದ್ದವು. ನನ್ನ ಹತ್ತೊಂಬತ್ತು ಕಥೆಗಳಲ್ಲಿ ನಾನು ಒಂದು ವಾಕ್ಯವನ್ನೂ ಹೊಡೆದು ಹಾಕಿದ್ದಿಲ್ಲ ಎಂದು ವಾಪಸು ಬಸ್ಸಿನಲ್ಲಿ ಹೊಳೆಯಿತು.

ಹೊಸ ಹಾಡನ್ನು ಅವನು ಗೆಳೆಯರಿಗೆ ಕೇಳಿಸುತ್ತಿರಲಿಲ್ಲ. ನಗುವವರ ಎದುರಿಗೆ ಹೋಗಿ ಹಾಡುತ್ತಿದ್ದ. ಮಿಡಿಗೇಶಿ ಬಸ್ ನಿಲ್ದಾಣದ ಟೀ ಅಂಗಡಿ ಒಂದು, ಪಾವಗಡದಲ್ಲಿ ಅವನ ಸೋದರಮಾವನ ಟೈರ್ ಪಂಕ್ಚರ್ ಅಂಗಡಿ ಇನ್ನೊಂದು. ಪಾವಗಡದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಸಲು ಬಂದ ಮುದುಕನೊಬ್ಬ ಪೂರ್ತಿ ಕೇಳಿ, "ಏಮಪ್ಪಾ, ಇದಿ ಪಾಟನಾ, ತಿಟ್ಲಾ?" ಎಂದ. ಹಾಡೋ, ಬೈಗುಳವೋ ಎಂದು. ಎಲ್ಲರೂ ನಕ್ಕರು. ಈರನೂ ನಕ್ಕು ಅದೇ ಪ್ರಶ್ನೆಯನ್ನು ಅಲ್ಲೇ ಹಾಡಿನ ಮೊದಲ ಸಾಲಿಗೆ ಹಾಕಿ ಮತ್ತೆ ಹಾಡಿದ. ಮುದುಕ ಸೈಕಲ್ ಹಿಡಿದು ಕೊನೆವರೆಗೂ ನಿಂತ. ನನಗಾಗಿದ್ದರೆ ಆ ನಗು ಒಂದು ವರ್ಷ ಕಿವಿಯಲ್ಲಿ ಉಳಿಯುತ್ತಿತ್ತು.

ಸೆಪ್ಟೆಂಬರ್ ಭಾನುವಾರಕ್ಕೆ ಅವನು ಬರೆಯುತ್ತಿದ್ದದ್ದು ಅಪ್ಪನ ಮೇಲಿನ ಹಾಡು. ಮಂದೆ ರಸ್ತೆ ದಾಟುವುದು, ವಾಹನಗಳೆಲ್ಲ ಕಾಯುವುದು.

ಬಸ್ಸು ನಿಂತೈತೆ, ಕಾರು ನಿಂತೈತೆ, ನಮ್ಮಪ್ಪ ದಾಟೋವರ್ಗು
ಹಾರ್ನ್ ಹೊಡ್ದೋನ್ಗೆ ಕುರಿ ಕೇಳ್ತೈತೆ, ನಿಂಗ್ಯಾಕಪ್ಪ ಕೊರ್ಗು

ಎರಡನೇ ಚರಣದಲ್ಲಿ, ಸಾವಿರ ಕುರಿಗೆ ಒಬ್ಬನೇ ದೊರೆ ನಮ್ಮಪ್ಪ ಎಂದಿತ್ತು. ಟೀ ಅಂಗಡಿಯವನು ಸಕ್ಕರೆ ಕಲಕುತ್ತಲೇ, "ಸಾವ್ರ ಕುರಿ ಎಲ್ಲಿದ್ವಲಾ ನಿಮ್ಮಪ್ಪುನ್ತಾವ? ಕನಸ್ನಾಗಾ?" ಎಂದ. ಈರನ ಮುಖ ಸಣ್ಣದಾಯಿತು. ಆಗ ನಾನು ಬಾಯಿ ಹಾಕಿದೆ.

"ಸಾವಿರ ಅನ್ನೋದು ಸುಳ್ಳು ಕಣೋ, ಅದಕ್ಕೇ ನಗ್ತಾರೆ. ನಿಜವಾಗಿ ಎಷ್ಟಿವೆಯೋ ಅದನ್ನ ಹಾಕು. ನಿಜವಾದ ಸಂಖ್ಯೆಗೆ ಯಾರೂ ನಗಲ್ಲ."

"ಅದಾಗಲ್ಲ ಅಕ್ಕ. ಎಣುಸ್ಬಾರ್ದು."

"ನೀನು ಎಣಿಸ್ಬೇಡ. ನಾನು ಎಣಿಸ್ತೀನಿ."

ಆಗಸ್ಟ್ 17, ಭಾನುವಾರ. ಮಂದೆ ಬೆಟ್ಟ ಇಳಿಯುವ ಕಿರುದಾರಿಯ ಮೇಲಿನ ಬಂಡೆಗೆ ಹತ್ತಿ ಕುಳಿತೆ. ದಾರಿ ಅಲ್ಲಿ ಎರಡು ಕುರಿಯಷ್ಟೇ ಅಗಲ. ಐದೈದರ ಗೀಟು ಹಾಕುತ್ತಾ ಎಣಿಸಿದೆ. ಬಂದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಎಂಬತ್ತಕ್ಕಿಂತ ಬಹಳ ಹೆಚ್ಚು ಎಂದಷ್ಟು ತಿಳಿದರೆ ಸಾಕು. ಈರನಿಗೆ ಚೀಟಿ ಕೊಟ್ಟೆ. ಅವನು ಬಾಯೊಳಗೇ ಹೇಳಿಕೊಂಡು ನೋಡಿದ. ಸಂಖ್ಯೆ ತಾಳಕ್ಕೆ ಅಚ್ಚು ಹಾಕಿದಂತೆ ಕೂತಿತು. ಸಾವಿರಕ್ಕಿಂತ ಚೆನ್ನಾಗಿ ಕೂತಿತು. ಅವನ ಕಾಲು ತಾನಾಗಿ ಕುಣಿಯತೊಡಗಿತು.

"ಅಪ್ಪ ಫೋನ್ ನೋಡಲ್ಲ ಬುಡು," ಎಂದ. ಅದನ್ನು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ಅಂದಿನ ಡೈರಿಯಲ್ಲಿ ನಾನು ಹೀಗೆ ಬರೆದಿದ್ದೇನೆ: 'ಸಂಜೆ 5.40. ಇಳಿಬಿಸಿಲಿನಲ್ಲಿ ಮಂದೆ ಇಳಿದು ಬಂತು. ಕಿವಿಗಳ ಹಳದಿ ಓಲೆಗಳು ಅಲ್ಲೊಂದು ಇಲ್ಲೊಂದು ಚಿನ್ನದಂತೆ ಹೊಳೆದವು.' ಆ ವಾಕ್ಯದ ಕೆಳಗೆ ಗೆರೆ ಎಳೆದು, 'ಕಥೆಯಲ್ಲಿ ಬಳಸಬಹುದು' ಎಂದೂ ಬರೆದಿದ್ದೇನೆ.

ಸೆಪ್ಟೆಂಬರ್ 7, ಬೆಳಿಗ್ಗೆ ಹತ್ತು. ಹಾಡು ಹೊರಗೆ ಬಂತು. ಹಿಂದಿನ ಹದಿಮೂರು ಹಾಡುಗಳನ್ನು ಕೂಡಿಸಿದರೂ ಆಗದಷ್ಟು ಜನ ಅದನ್ನು ಒಂದೇ ವಾರದಲ್ಲಿ ನೋಡಿದರು. ನಾನು ಗಂಟೆಗೊಮ್ಮೆ ನೋಡಿ ಡೈರಿಯ ಎಡಗಡೆಯ ಅಂಕಣದಲ್ಲಿ ಬರೆದುಕೊಂಡೆ. ಊಟದ ನಡುವೆ, ಬಸ್ಸಿನಲ್ಲಿ, ಕುರಿಯ ಕಿವಿ ಹಿಡಿದುಕೊಂಡೇ ನೋಡಿದೆ. ಸಂಖ್ಯೆ ಏರಿದಷ್ಟೂ ಭಯವೂ ಏರುತ್ತಿತ್ತು. ಚಿತ್ತಯ್ಯನವರು ಫೋನ್ ನೋಡುವುದಿಲ್ಲ, ನಿಜ. ಆದರೆ ಶಿರಾದ ಕುರಿ ಸಂತೆಗೆ ಹೋಗುತ್ತಾರೆ. ಅಲ್ಲಿ ಯಾರೋ, "ಏನ್ ಚಿತ್ತಣ್ಣ, ನಿನ್ ಮಗ ನಿನ್ ಮಂದೆ ಲೆಕ್ಕನ ಊರ್ಗೆಲ್ಲ ಸಾರ್ತಾವ್ನಲ್ಲ" ಎಂದು ಫೋನ್ ಎತ್ತಿ ಅವರ ಕಿವಿಗೆ ಹಿಡಿದರಂತೆ. ಅವರು ಪೂರ್ತಿ ಕೇಳಿ, ತಂದ ಎರಡು ಟಗರನ್ನು ಮಾರದೆ ವಾಪಸು ಹೊಡೆದುಕೊಂಡು ಬಂದರು. ಮನೆಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಈರನ ತಟ್ಟೆಗೆ ಮೊದಲಿನಂತೆ ಮುದ್ದೆ ಬೀಳುತ್ತಿತ್ತು. ಆ ಮೌನ ಅವನನ್ನು ಸುಡುತ್ತಿತ್ತು. "ಬೈದ್ಬುಟ್ಟಿದ್ರೆ ಚೆನ್ನಾಗಿರದು ಅಕ್ಕ," ಎಂದು ದಿನಾ ಫೋನ್ ಮಾಡುತ್ತಿದ್ದ.

ಸೆಪ್ಟೆಂಬರ್ ಮೂರನೇ ವಾರ ಮಳೆ ಹಿಡಿಯಿತು. ಐದು ದಿನ ಬೆಟ್ಟದ ತಲೆ ಕಾಣಲಿಲ್ಲ. ಇಪ್ಪತ್ತೆರಡರ ಸೋಮವಾರ ಹಟ್ಟಿಯಿಂದ ಆಸ್ಪತ್ರೆಗೆ ಕರೆ ಬಂತು: ಚಿತ್ತಯ್ಯನವರ ಕುರಿಯೊಂದರ ತುಟಿ ಊದಿದೆ, ಬಾಯಲ್ಲಿ ನೊರೆ, ಮೇಯುತ್ತಿಲ್ಲ. ಮೇಡಂ ಜೊತೆ ನಾನೂ ಹೋದೆ. ನಾಲಿಗೆ ನೋಡಿದ ಮೇಡಂ, "ನೀಲಿ ನಾಲಿಗೆಯೇ," ಎಂದರು. ಮಧ್ಯಾಹ್ನಕ್ಕೆ ಇನ್ನೆರಡು ಮಲಗಿದವು. ಮಾರನೆಯ ದಿನ ಮೊದಲ ಸಾವು. ಬುಧವಾರ ಎರಡು.

ಬುಧವಾರವೇ ಚಿತ್ತಯ್ಯನವರು ಮಾತಾಡಿದ್ದು. ನಾನು ಔಷಧದ ನೀರಿನ ಬಟ್ಟಲು ಹಿಡಿದು ನಿಂತಿದ್ದೆ. ಈರ ಒಂದು ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿ ತೊಳೆಯುತ್ತಿದ್ದ. ಅವರು ಬಂದು ಆ ಕುರಿಯನ್ನು ಅವನ ತೊಡೆಯಿಂದ ಎತ್ತಿಕೊಂಡರು.

"ಹಾಡು, ಬ್ಯಾಡ ಅನ್ನಲಿಲ್ಲ. ಕಂಬ್ಳಿ ಹೆಸ್ರು ಇಟ್ಕಂಡೆ, ಸುಮ್ಕಿದ್ದೆ. ಲೆಕ್ಕ ಹೇಳ್ಬುಟ್ಟಲ್ಲೋ, ಲೇ. ಇನ್ಮೇಲೆ ರೊಪ್ಪುಕ್ಕೆ ಕಾಲಿಡ್ಬ್ಯಾಡ."

ಈರ ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೇನೋ. ಅವನು ಎದ್ದು ಮೈ ಕೊಡವಿ ಹೊರಟುಹೋದ.

ಅಂದು ಸತ್ತಿದ್ದ ಎರಡನ್ನು ಹೂಳುವ ಮುಂಚೆ ರಿಜಿಸ್ಟರಿಗೆ ಓಲೆಯ ನಂಬರ್ ಬರೆದುಕೊಳ್ಳಲು ಬಗ್ಗಿ ಕಿವಿ ಹಿಡಿದೆ. ಓಲೆ ಇರಲಿಲ್ಲ. ಇನ್ನೊಂದಕ್ಕೂ ಇರಲಿಲ್ಲ. ಆಗ ಬಂಡೆಯ ಮೇಲಿನ ಆ ಸಂಜೆ ನನ್ನ ಮುಂದೆ ಬಂದು ನಿಂತಿತು. ಅಲ್ಲೊಂದು ಇಲ್ಲೊಂದು ಹೊಳೆದವು ಎಂದು ಬರೆದಿದ್ದೆ. ಹೊಳೆಯದವುಗಳ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ಲಸಿಕೆಯ ಪಟ್ಟಿ ಬರೆಯುವವಳು ನಾನು, ಮಂದೆಯ ನಿಜವಾದ ಲೆಕ್ಕ ನನ್ನ ಕೈಯಲ್ಲಿತ್ತು, ಲಸಿಕೆ ಇಲ್ಲದ ಕುರಿಗಳು ಕಣ್ಣ ಮುಂದೆ ಹಾದುಹೋದವು. ನಾನು ನೋಡಿದ್ದು ಸಂಖ್ಯೆ ತಾಳಕ್ಕೆ ಕೂರುತ್ತದೆಯೇ ಎಂದು. ಅದನ್ನು ಹೇಳಬಾರದ ಹಾಡಿಗೆ ಕೊಟ್ಟೆ, ಹೇಳಲೇಬೇಕಾಗಿದ್ದ ರಿಜಿಸ್ಟರಿನಲ್ಲಿ ಎಂಬತ್ತನ್ನು ಹಾಗೇ ಬಿಟ್ಟೆ. ರೋಗ ಬರುವ ಮುಂಚೆ ಐದು ವಾರ ಇತ್ತು.

ಆಮೇಲಿನ ಹತ್ತು ದಿನ ಡೈರಿಯಲ್ಲಿ ಎರಡು ಅಂಕಣಗಳಿವೆ. ಎಡಗಡೆ ಹಾಡು ನೋಡಿದವರು, ಬಲಗಡೆ ಸತ್ತ ಕುರಿಗಳು. ಎರಡೂ ಏರುತ್ತಿದ್ದವು. ಒಂಬತ್ತರವರೆಗೆ ಬಲಗಡೆಯದು ಹೋಯಿತು. ಒಂಬತ್ತರಲ್ಲಿ ಒಂದಕ್ಕೂ ಓಲೆ ಇರಲಿಲ್ಲ. ಹಟ್ಟಿಯಲ್ಲಿ ಎಲ್ಲರೂ ಮಗನ ಬಾಯಿಯೇ ಮಂದೆಯನ್ನು ತಿಂದಿತು ಎನ್ನುತ್ತಿದ್ದರು. ಚಿತ್ತಯ್ಯನವರಿಗೆ ನಿಜ ಹೇಳದಿದ್ದರೆ ಈರ ಆ ರೊಪ್ಪದೊಳಗೆ ಇನ್ನೆಂದೂ ಕಾಲಿಡುವಂತಿಲ್ಲ. ಹೇಳಿದರೆ ನನ್ನ ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಅವರು ನನ್ನನ್ನು ನೋಡುವ ನೋಟಕ್ಕೆ ಹೆದರುತ್ತಿದ್ದೆ.

ಅಕ್ಟೋಬರ್ 3, ಶುಕ್ರವಾರ. ಹಟ್ಟಿ ಬಿಟ್ಟು ಹೋಗಿದ್ದ ಈರ ಗೊರವನಹಳ್ಳಿಯಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದ. ಕೊರಟಗೆರೆಯಿಂದ ಹೊರಟ ಬಸ್ಸಿನಲ್ಲಿ ಅಲ್ಲಿನ ಗುಡಿಯ ಲಕ್ಷ್ಮಿಯ ದರ್ಶನಕ್ಕೆ ಹೋಗುವ ಹೆಂಗಸರೇ ತುಂಬಿದ್ದರು. ನಾನು ಬಾಗಿಲಲ್ಲಿ ಜೋತಾಡುತ್ತಾ ಹೋದೆ. ಅವನು ಅಕ್ಕನ ಹೂವಿನ ಅಂಗಡಿಯಲ್ಲಿ ಕುಳಿತು ಹಾರ ಕಟ್ಟುತ್ತಿದ್ದ. ಪಕ್ಕದಲ್ಲಿ ಹಾಳೆ, ಪೆನ್ನು.

"ಹಾಡು ತೆಗ್ದಾಕ್ದೆ ಅಕ್ಕ, ಬೆಳಿಗ್ಗೆ. ಲೆಕ್ಕದ ಸಾಲು ಬುಟ್ಟು ತಿರ್ಗಾ ಹಾಡ್ಬೇಕು."

ನನ್ನ ಎಡಗಡೆಯ ಅಂಕಣ ಅಲ್ಲಿಗೆ ನಿಂತಿತು. "ನಾನು ಎಣಿಸಿದ್ದು ಅಂತ ಯಾಕೆ ಹೇಳ್ಲಿಲ್ಲ ಅಪ್ಪಂಗೆ?"

ಅವನು ಹಾರದ ಗಂಟು ಬಿಗಿದು ಹಲ್ಲಿನಿಂದ ದಾರ ಕತ್ತರಿಸಿದ. "ಎಣಿಸ್ದೋಳು ನೀನು. ಬಾಯಿ ನಂದಲ್ವಾ? ನನ್ನ ಬಾಯಿಂದ ಬಂದಿದ್ದು ನಂದೇ. ಇನ್ನೊಬ್ರು ಕೊಟ್ರು ಅನ್ನೋಕೆ ಅದೇನು ಎರವಿನ ಕೊಡ್ಲಿನಾ?"

"ಆ ಸಾಲಿಗೆ ಏನು ಹಾಕ್ತೀಯ ಈಗ?"

"ಏನೂ ಹಾಕಲ್ಲ. ತಾಳ ಹೋಗ್ತಾ ಇರ್ತೈತೆ, ನಾನು ಸುಮ್ಕಿರ್ತೀನಿ. ಒಳ್ಳೇ ಮಾತು ತುಂಬ್ಸಿ ಮುಚ್ಬುಟ್ರೆ ನಾಳೆ ನಂಗೇ ಮರ್ತೋಯ್ತದೆ."

ಹೂವು ಕೊಳ್ಳಲು ಬಂದವಳು, "ಮಾತಾಡಿದ್ದು ಸಾಕು, ಎರಡು ಮೊಳ ಕೊಡಪ್ಪ" ಎಂದು ಗದರಿದಳು. ನಾನು ಎದ್ದು ಬಂದೆ. ಪಾಠದ ಪುಟದಲ್ಲಿ ಅಂದು ಏನನ್ನೂ ಬರೆಯಲಿಲ್ಲ. ಬರೆದುಕೊಂಡರೆ ಕಲಿತೆ ಎಂದು ಸುಮ್ಮನಾಗಿಬಿಡುತ್ತೇನೆ ಎಂಬ ಹೆದರಿಕೆ ಹುಟ್ಟಿತು.

ಶನಿವಾರ ಮೇಡಂ ಕೇಳಿದರು. "ಚಿತ್ತಯ್ಯನ ಮಂದೆಯಲ್ಲಿ ಲಸಿಕೆ ಬೀಳದೆ ಇರೋವು ಇವೆ. ಎಷ್ಟಿವೆ? ಸೋಮವಾರ ತುಮಕೂರಿಂದ ತರಿಸ್ತೀನಿ. ಈ ಸಲ ಸರಿಯಾದ ಲೆಕ್ಕ ಕೊಡು ಗಿರಿಜಾ."

ಡೈರಿಯ ಸಂಖ್ಯೆಯಿಂದ ಎಂಬತ್ತಮೂರು ಮತ್ತು ಒಂಬತ್ತನ್ನು ಕಳೆದರೆ ಉತ್ತರ. ಮೇಜಿನ ಮೇಲೆಯೇ ಲೆಕ್ಕ ಮಾಡಿ ಹೇಳಬಹುದಿತ್ತು. ಆದರೆ ಚಿತ್ತಯ್ಯನವರಿಗೆ ತಿಳಿಯದಂತೆ ಎರಡನೇ ಸಲ ಅವರ ಮಂದೆಯ ಲೆಕ್ಕವನ್ನು ಬಾಯಿಗೆ ತರಲಾರೆ ಎನಿಸಿತು. ನಡೆದದ್ದನ್ನೆಲ್ಲ ಮೇಡಂಗೆ ಹೇಳಿದೆ. ಅವರು ರಿಜಿಸ್ಟರ್ ಮುಚ್ಚಿ, "ಮೊದಲು ಅವರ ಹತ್ರ ಹೋಗು," ಎಂದರು.

ಅಕ್ಟೋಬರ್ 5, ಭಾನುವಾರ. ತಿಂಗಳ ಮೊದಲ ಭಾನುವಾರ ಈರನ ಹಾಡು ಬಾರದಿದ್ದದ್ದು ಹದಿನೈದು ತಿಂಗಳಲ್ಲಿ ಇದೇ ಮೊದಲು. ಚಿತ್ತಯ್ಯನವರು ರೊಪ್ಪದ ಬೇಲಿಗೆ ಮುಳ್ಳು ಬಿಗಿಯುತ್ತಿದ್ದರು. ನಾನು ನಿಂತೇ ಹೇಳಿದೆ. ಬಂಡೆ ಹತ್ತಿದ್ದು, ಎಣಿಸಿದ್ದು, ಚೀಟಿ ಕೊಟ್ಟದ್ದು, ಓಲೆ ಇಲ್ಲದ್ದು ಕಂಡರೂ ಕಾಣದೆ ಹೋದದ್ದು. ಕೆಂಚಮ್ಮ ಬಾಗಿಲಲ್ಲಿ ಕುಳಿತಿದ್ದವರು ಎದ್ದರು.

"ನಮ್ಮ ಮಜ್ಜಿಗೆ ಕುಡ್ದು ನಮ್ಮ ಮಂದೆ ಎಣಿಸ್ದೇನೇ ತಾಯಿ?"

ನನಗೆ ಅಳು ಬಂತು. ಚಿತ್ತಯ್ಯನವರು ಹೆಂಡತಿಗೆ ಸುಮ್ಮನಿರು ಎಂದು ಕೈ ಮಾಡಿ, ಇನ್ನೊಂದು ಮುಳ್ಳಿನ ಕೊಂಬೆ ಎಳೆದುಕೊಂಡರು.

"ಅವ್ನು ನಿನ್ ಹೆಸ್ರು ಹೇಳ್ಲಿಲ್ಲ."

"ಇಲ್ಲ ಯಜಮಾನ್ರೆ."

"ಹೂಂ." ಕೊಂಬೆಯನ್ನು ಬೇಲಿಗೆ ಒತ್ತಿದರು. "ಎಂಬತ್ತು ಅಂದೋನು ನಾನು. ಮಿಕ್ಕವ್ನ ಬೆಟ್ಟಕ್ ಹೊಡ್ದೋನೂ ನಾನು. ಲೆಕ್ಕ ಹೇಳಿದ್ಕೆ ಸತ್ವೋ, ಹೇಳ್ದೇ ಇದ್ದಿದ್ಕೆ ಸತ್ವೋ, ನಂಗೊತ್ತಿಲ್ಲ ಕಣಮ್ಮ."

"ಮಿಕ್ಕವಕ್ಕೆ ನಾಳೆ ಲಸಿಕೆ ತರಿಸ್ತಾರೆ. ಎಷ್ಟು ಅಂತ ಬೇಕು. ಹಳೇ ಲೆಕ್ಕ ನನ್ನ ಹತ್ರ ಇದೆ. ಆದ್ರೆ ನಿಮ್ಮನ್ನ ಕೇಳ್ದೆ ಕೊಡಲ್ಲ."

"ನನ್ ಕೇಳಿದ್ರೆ? ನಾವು ಎಣುಸಲ್ಲ. ನೋಡ್ತೀವಿ. ಇಲ್ದೇ ಇರೋದು ಕಣ್ಣಿಗೆ ಬೀಳ್ತದೆ." ಅಷ್ಟು ಹೇಳಿ ಅವರು ಬೇಲಿಯ ಕಡೆ ತಿರುಗಿದರು. ನಾನು ಹಟ್ಟಿಯ ಹೊರಗೆ ಬಂದಾಗ ಹಿಂದಿನಿಂದ ಅವರ ದನಿ ಬಂತು. "ನಾಳಿಕೆ ಒತ್ತಾರೆ ಬಾ. ಮಂದೆ ಬುಡೋಕ್ ಮುಂಚೆ."

ಸಂಜೆ ಈರನಿಗೆ ಫೋನ್ ಮಾಡಿ ಹೇಳಿದೆ.

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ ಏಳೂವರೆ. ಮಳೆ ನಿಂತಿತ್ತು. ಹೊರಗೆ ಬರುವ ಕುರಿಗಳನ್ನು ಕೂಡಲು ರೊಪ್ಪದ ಬಾಗಿಲ ಮುಂದೆ ಇನ್ನೊಂದು ಬೇಲಿ ಕಟ್ಟಿದ್ದರು. ಚಿತ್ತಯ್ಯನವರು ಬಾಗಿಲ ತಡಿಕೆಯನ್ನು ಒಂದು ಕುರಿ ನುಸುಳುವಷ್ಟು ಸರಿಸಿದರು.

"ಓಲೆ ಇಲ್ದೇ ಇರೋವ್ನ ಎಣುಸ್ಕ. ನಾನು ಬೆಟ್ಟದ ಕಡೆ ತಿರುಕ್ಕಂಡಿರ್ತೀನಿ. ಬಾಯ್ನಾಗೆ ಮಾತ್ರ ಅನ್ಬ್ಯಾಡ."

ಅವರು ನಮಗೆ ಬೆನ್ನು ಹಾಕಿ, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನಿಂತರು. ಕೆಂಚಮ್ಮ ತಡಿಕೆ ಹಿಡಿದರು. ಆದರೆ ಹಸಿದ ಕುರಿಗಳು ಒಂದರ ಮೇಲೊಂದು ನುಗ್ಗಿದವು, ತಡಿಕೆ ಅವರ ಕೈ ಮೀರಿತು, ನನ್ನ ಗೀಟುಗಳು ತಪ್ಪಿದವು. "ನಿಲ್ಸಿ, ತಪ್ಪೋಯ್ತು" ಎಂದು ಕೂಗಿದೆ. ಆಗಲೇ ನಾನು ನೋಡಿದ್ದು, ರಸ್ತೆಯಾಚೆ ಹುಣಸೆ ಮರದ ಬುಡದಲ್ಲಿ ಈರ ನಿಂತಿದ್ದ. ಮೊದಲ ಬಸ್ಸಿಗೆ ಬಂದಿದ್ದನೇನೋ. ಒಂದು ಹೆಜ್ಜೆಯೂ ಈಚೆಗೆ ಇಟ್ಟಿರಲಿಲ್ಲ.

ಚಿತ್ತಯ್ಯನವರು ತಿರುಗಲಿಲ್ಲ. ಬೆಟ್ಟವನ್ನೇ ನೋಡುತ್ತಾ ದನಿ ಎತ್ತಿದರು.

"ಲೇ ಈರ, ಅಲ್ಲೇನ್ಲಾ ಬೆರ್ಚಪ್ಪನಂಗೆ ನಿಂತಿದ್ದೀಯ? ನಿಮ್ಮವ್ವುನ್ ಕೈಲಾಗ್ತಾ ಇಲ್ಲ, ತಡಿಕೆ ಹಿಡ್ಕಳ್ಳಲಾ."

ಈರ ಓಡಿ ಬಂದ. ರೊಪ್ಪದ ಬಾಗಿಲಲ್ಲಿ ಬಿಳಿ ಬೂಟುಗಳನ್ನು ಕಳಚಿ ಎಸೆದು, ಬರಿಗಾಲಲ್ಲಿ ಕೆಸರಿಗಿಳಿದು ತಡಿಕೆಗೆ ಮೈ ಕೊಟ್ಟ. ಹೊರಗೆ ಬಂದವನ್ನೆಲ್ಲ ಮತ್ತೆ ಒಳಗೆ ಅಟ್ಟಿ ಮೊದಲಿನಿಂದ ಎಣಿಸಿದೆವು. ಒಂದೊಂದಾಗಿ ಬಿಟ್ಟ. ನಾನು ಗೀಟು ಹಾಕಿದೆ. ಗೊರಸಿನ ಸದ್ದು, ಕೆಮ್ಮು, ಒಂದು ಮರಿಯ ಅರಚು, ಅಷ್ಟೇ. ಕೊನೆಯ ಕುರಿ ದಾಟಿದ ಮೇಲೆ ಚೀಟಿ ಮಡಿಸಿ ಮುಷ್ಟಿಯಲ್ಲಿ ಹಿಡಿದೆ.

"ಮುಗೀತೇನಮ್ಮ?"

"ಮುಗೀತು."

"ಹೇಳ್ಬ್ಯಾಡ."

ಅವರು ಈ ಕಡೆ ತಿರುಗಿದರು. ನನ್ನನ್ನಾಗಲೀ ಮಗನನ್ನಾಗಲೀ ನೋಡದೆ, ಹೊರಗೆ ನಿಂತಿದ್ದ ಮಂದೆಯ ಮೇಲೆ ಆ ತುದಿಯಿಂದ ಈ ತುದಿಗೆ ಒಮ್ಮೆ ಕಣ್ಣು ಹಾಯಿಸಿದರು. ಕಣ್ಣು ಅಲ್ಲಲ್ಲಿ, ಏನೂ ಇಲ್ಲದ ಜಾಗದಲ್ಲಿ, ಸ್ವಲ್ಪ ನಿಂತು ಮುಂದೆ ಹೋಯಿತು. ಎಷ್ಟು ಕಡೆ ನಿಂತಿತು ಎಂದು ನಾನು ಎಣಿಸಲಿಲ್ಲ.